ಎಡಕ್ಕೆ ನಡೆದ ಬಸವನಹುಳು

ನನ್ನ ದೊಡ್ಡಮ್ಮನಿಗೆ ಎಲ್ಲವನ್ನೂ ತಿರುವುಮುರುವಾಗಿ ಬರೆಯುವ ಅಭ್ಯಾಸ ಬಂದದ್ದು ದಾರದ ಅಂಗಡಿಯಲ್ಲಿ. ಹತ್ತೊಂಬತ್ತು ತುಂಬುವ ಮೊದಲೇ ಅಲ್ಲಿ ಕೆಲಸಕ್ಕೆ ಸೇರಿದವಳು. ಗುಂಡಿ, ಸೂಜಿ, ಲೇಸು, ಬಣ್ಣಬಣ್ಣದ ದಾರದ ಉಂಡೆ ಮಾರುವ ಉದ್ದನೆಯ ಕೋಣೆ. ಅದರ ತುದಿಯಲ್ಲಿ ಒಂದು ಕಿಟಕಿ, ಕಿಟಕಿಯ ಕೆಳಗೆ ಅವಳ ಮೇಜು. ಕಸೂತಿ ಹಾಕುವ ಹೆಂಗಸರಿಗೆ ಚಿತ್ರ ಬರೆದುಕೊಡುವುದು ಅವಳ ಕೆಲಸ. ಮೊದಲು ಚೌಕುಳಿ ಪುಸ್ತಕದಲ್ಲಿ ಒಂದೊಂದೇ ಚೌಕ ತುಂಬಿ ಚಿತ್ರ ಕೂರಿಸಿಕೊಳ್ಳಬೇಕು, ಆಮೇಲೆ ಅದನ್ನು ತೆಳುಕಾಗದಕ್ಕೆ ಇಳಿಸಬೇಕು. ಆ ಕಾಗದವನ್ನು ಬಟ್ಟೆಯ ಮೇಲೆ ಮಗುಚಿ ಹಾಕಿ ಬಿಸಿ ಇಸ್ತ್ರಿ ಒತ್ತಿದರೆ ಪೆನ್ಸಿಲಿನ ಗೆರೆ ಬಟ್ಟೆಗೆ ಅಂಟುತ್ತದೆ. ಮಗುಚಿದಾಗ ಎಡಗಡೆಯದು ಬಲಕ್ಕೆ ಹೋಗುತ್ತದೆ. ಹಾಗಾಗಿ ಬರೆಯುವಾಗಲೇ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಬಲಕ್ಕೆ ಹಾರುವ ಹಕ್ಕಿ ಬೇಕಾದವರಿಗೆ ಎಡಕ್ಕೆ ಹಾರುವ ಹಕ್ಕಿ.

ಎಂಟು ವರ್ಷ ಇದೇ ಕೆಲಸ. "ಕೊನೆಕೊನೆಗೆ ನನ್ನ ಕೈಗೆ ನೆಟ್ಟಗಿರೋದೇ ಸೊಟ್ಟ ಅನ್ನಿಸ್ತಿತ್ತು ಕಣೆ," ಎನ್ನುತ್ತಿದ್ದಳು.

ಅಂಗಡಿಯ ಮೇಲಿನ ಮಹಡಿಗೆ ಇಬ್ಬರು ಬಾಡಿಗೆಗೆ ಬಂದರು. ಒಬ್ಬರು ಯಜಮಾನರು. ಆಗಿನ್ನೂ ಯಜಮಾನಿಕೆ ಮಾಡಲು ಅವರಿಗಿದ್ದದ್ದು ಎರಡು ಕುರ್ಚಿ, ಒಂದು ಟೀವಿ ಮತ್ತು ಹೆಂಡತಿಯ ತಮ್ಮ. ಆ ತಮ್ಮ ಸದಾ ಕೊರಳಲ್ಲಿ ತಂತಿಯ ಸುರುಳಿ ಇಳಿಬಿಟ್ಟುಕೊಂಡು ಮೆಟ್ಟಿಲು ಹತ್ತಿಳಿಯುತ್ತಿದ್ದುದರಿಂದ ಅಂಗಡಿಯ ಹೆಂಗಸರು ಅವನಿಗೆ ವೈರಣ್ಣ ಎಂದು ಹೆಸರಿಟ್ಟರು. ಟೀವಿಗೆ ಸಿಕ್ಕಿಸಿ ಆಡುವ ಆಟಗಳನ್ನು ಮಾಡುವುದು ಇವರ ಉದ್ಯೋಗ. ಅದೂ ಇನ್ನೂ ಓದು ಬಾರದ ಪುಟ್ಟ ಮಕ್ಕಳಿಗೆ. ಗುಂಡು ಹಾರಿಸುವುದು, ಹೊಡೆದಾಡುವುದು, ಸತ್ತುಬೀಳುವುದು ಇಲ್ಲದ ಆಟ.

ಒಂದು ಮಧ್ಯಾಹ್ನ ಅಂಗಿಗೆ ಗುಂಡಿ ಕೊಳ್ಳಲು ಬಂದ ಯಜಮಾನರು ದೊಡ್ಡಮ್ಮನ ಚೌಕುಳಿ ಪುಸ್ತಕ ನೋಡಿ ಅಲ್ಲೇ ನಿಂತುಬಿಟ್ಟರು.

"ಇದೆಲ್ಲ ನೀವೇ ತುಂಬಿದ್ದಾ?"

"ಇನ್ಯಾರು ಸಾರ್? ರಾತ್ರಿ ಇಲಿ ಬಂದು ತುಂಬಿ ಹೋಗುತ್ತಾ?"

"ಹದಿನಾರು ಚೌಕ ಅಗಲ, ಹದಿನಾರು ಎತ್ತರ. ಅಷ್ಟರಲ್ಲಿ ಒಂದು ಬಸವನಹುಳು ಕೂರಿಸ್ತೀರಾ?"

"ಎಂಟರಲ್ಲಿ ಗುಲಾಬಿ ಕೂರಿಸಿದೀನಿ. ಹುಳ ಯಾವ ಮಹಾ."

ಹಾಗೆ ಶುರುವಾಯಿತು. ಆಟ ಸರಳ. ಬಸವನಹುಳು ಎಲೆ ತಿನ್ನುತ್ತಾ, ಕಲ್ಲು ಸುತ್ತುತ್ತಾ, ಕೆಸರು ದಾಟುತ್ತಾ ಮನೆ ಸೇರಬೇಕು. ಹುಳು ಬಲಕ್ಕೆ ಹೋಗುತ್ತದೆ, ಮನೆ ಬಲತುದಿಯಲ್ಲಿದೆ ಎಂದು ಯಜಮಾನರು ಬೆರಳಲ್ಲಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಅಂಗಡಿಯ ಹಿರಿಯ ಹೆಂಗಸೊಬ್ಬಳು ಕೇಳಿದಳಂತೆ, "ಅಲ್ಲಾ, ಬೆನ್ನ ಮೇಲೇ ಮನೆ ಹೊತ್ಕೊಂಡಿದೆ. ಇನ್ಯಾವ ಮನೆಗೆ ಹೋಗ್ತಿದೆ ಇದು?" ದೊಡ್ಡಮ್ಮ ತಲೆ ಎತ್ತದೆ ಅಂದಳಂತೆ, "ಬೆನ್ನ ಮೇಲಿರೋದು ಬಾಡಿಗೆದಿರಬೇಕು ಬಿಡಿ."

ಒಂದು ತಿಂಗಳು ಸಂಜೆಗಳಲ್ಲಿ ಕೂತು ನಾಲ್ಕು ಪುಸ್ತಕ ತುಂಬಿಸಿದಳು. ಹುಳು ಮೈ ಚಾಚಿದ್ದು, ಮೈ ಮುದುಡಿದ್ದು, ಕೊಂಬು ಹೊರಗೆ, ಕೊಂಬು ಒಳಗೆ. ಎಲೆ, ಕಲ್ಲು, ಕೆಸರು, ಬಾಗಿಲು ತೆರೆದ ಮನೆ. ಅದನ್ನೆಲ್ಲ ಅಂಕಿಗಳಾಗಿ ಬದಲಾಯಿಸಿದವನು ವೈರಣ್ಣ. ಅವನಿಗೆ ಹುಳು ಕಾಣುತ್ತಲೇ ಇರಲಿಲ್ಲ. ತುಂಬಿದ್ದು, ಖಾಲಿ, ತುಂಬಿದ್ದು, ಖಾಲಿ, ಅಷ್ಟೇ. ಚಿತ್ರಗಳದು ಒಂದು ಚಿಪ್, ಆಟದ ನಡೆಯದು ಇನ್ನೊಂದು. ನಡೆಯನ್ನು ವೈರಣ್ಣ ಇನ್ನೂ ಬರೆಯುತ್ತಿದ್ದ. ಚಿತ್ರದ ಚಿಪ್‌ಗಳು ಮಾತ್ರ ದೂರದ ಕಾರ್ಖಾನೆಯಿಂದ ಮೂರು ಸಾವಿರ ತಯಾರಾಗಿ, ರಟ್ಟಿನ ಪೆಟ್ಟಿಗೆಗಳಲ್ಲಿ ಬಂದು ಮೆಟ್ಟಿಲ ಮೇಲೆ ಕೂತಿದ್ದವು.

ಮೊದಲ ಸಲ ಟೀವಿಗೆ ಹಾಕಿ ನೋಡುವ ದಿನ ಅಂಗಡಿಯ ಹೆಂಗಸರೆಲ್ಲ ಮೇಲೆ ಹೋದರು. ಪರದೆ ಬೆಳಗಿತು. ಹಸಿರು ನೆಲ, ನೀಲಿ ಆಕಾಶ, ನಡುವೆ ಕಂದು ಹುಳು. ಯಜಮಾನರು ಬಲಕ್ಕೆ ಗುಂಡಿ ಒತ್ತಿದರು. ಹುಳು ಬಲಕ್ಕೆ ಹೊರಟಿತು, ಬಾಲ ಮುಂದು ಮಾಡಿಕೊಂಡು.

ಹುಳು ಹಿಂದಹಿಂದಕ್ಕೆ ನಡೆದು, ಎಲೆಯನ್ನು ಬಾಲದಿಂದ ತಿಂದು, ಹಿಂಬದಿಯಿಂದಲೇ ಮನೆಗೆ ಹೋಗಿ ಡಿಕ್ಕಿ ಹೊಡೆಯಿತು. ಆ ಮನೆಗೋ, ಬಾಗಿಲು ಆಚೆ ಬದಿಗಿತ್ತು.

"ಮೂರು ಸಾವಿರ," ಎಂದ ವೈರಣ್ಣ. "ಭಾವ, ಮೂರು ಸಾವಿರ ಚಿಪ್!"

ಯಜಮಾನರು ದೊಡ್ಡಮ್ಮನ ಕಡೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಬೈಯಲಿಲ್ಲ, ಸುಮ್ಮನೆ ನೋಡಿದರು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೈ ತನ್ನ ಪಾಡಿಗೆ ತಾನು ಎಲ್ಲವನ್ನೂ ಇಸ್ತ್ರಿಗೆ ಬರೆದಂತೆ ಬರೆದುಬಿಟ್ಟಿತ್ತು. ಇಲ್ಲಿ ಮಗುಚುವವರು ಯಾರೂ ಇರಲಿಲ್ಲ.

ಆಮೇಲೆ ಅವಳೇ ಅಂದಳು. "ಸಾರ್, ಹುಳ ಎಡಕ್ಕೆ ನೋಡ್ತಿದೆ, ಬಾಗಿಲು ಬಲಕ್ಕಿದೆ. ಮನೇನೇ ಎಡಗಡೆ ಇಟ್ಬಿಡಿ. ಆಟಾನೇ ಎಡಕ್ಕೆ ನಡೀಲಿ. ವೈರಣ್ಣಂದು ಇನ್ನೂ ಮುಗಿದಿಲ್ವಲ್ಲ."

ವೈರಣ್ಣ ಅವಳನ್ನೂ ಪರದೆಯನ್ನೂ ಮೂರು ಸಲ ನೋಡಿದ. ಆಮೇಲೆ ಕೊರಳ ತಂತಿ ತೆಗೆದು ಕುರ್ಚಿಗೆ ಹಾಕಿ ಕೂತ. ಹದಿನೈದು ದಿನದಲ್ಲಿ ಹುಳು ಬಲದಿಂದ ಎಡಕ್ಕೆ ನಡೆದು, ತೆರೆದ ಬಾಗಿಲಿಂದ ಸಲೀಸಾಗಿ ಮನೆ ಹೊಕ್ಕಿತು.

ಮಕ್ಕಳು ಆ ಆಟವನ್ನು ಯಾಕೆ ಅಷ್ಟು ಹಚ್ಚಿಕೊಂಡರೋ ಯಾರಿಗೂ ಗೊತ್ತಿಲ್ಲ. ನಿಧಾನವಾಗಿತ್ತು, ಯಾರೂ ಸಾಯುತ್ತಿರಲಿಲ್ಲ, ಇರಬಹುದು. ಮೂರು ಸಾವಿರ ಖಾಲಿಯಾಗಿ ಮತ್ತೆ ಮಾಡಿಸಿದರು, ಮತ್ತೆ ಖಾಲಿಯಾಯಿತು. ಎರಡನೆಯ ಆಟ ಕಳೆದುಹೋದ ಕಾಲುಚೀಲದ್ದು, ಮೂರನೆಯದು ಚಂದ್ರನಿಗೆ ಏಣಿ ಹಾಕುವ ಇರುವೆಯದು. ಅವನ್ನೂ ಎಡಕ್ಕೇ ನಡೆಸಿದರು. ಮಕ್ಕಳ ಬೆರಳಿಗೆ ರೂಢಿಯಾಗಿತ್ತು. ಅಷ್ಟು ಹೊತ್ತಿಗೆ ದೊಡ್ಡಮ್ಮ ಕೆಳಗಿನ ಮೇಜು ಬಿಟ್ಟು ಮೇಲಿನ ಮಹಡಿಯವಳಾಗಿದ್ದಳು.

ಒಂದು ದಿನ ಪತ್ರಿಕೆಯವನೊಬ್ಬ ಬಂದು, ನಿಮ್ಮ ಆಟಗಳು ಮಾತ್ರ ಯಾಕೆ ಎಡಕ್ಕೆ ಹೋಗುತ್ತವೆ ಎಂದು ಕೇಳಿದ. ಯಜಮಾನರು ಒಂದು ಗಳಿಗೆ ಯೋಚಿಸಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಮಗುವಿನ ಹೃದಯ ಎಡಕ್ಕಿದೆ. ನಮ್ಮ ಆಟ ಹೃದಯದ ಕಡೆಗೆ ನಡೆಯುತ್ತದೆ," ಎಂದರು. ಗೋಡೆಯ ಆಚೆ ಪೆಟ್ಟಿಗೆ ಕಟ್ಟುತ್ತಿದ್ದ ಹೆಂಗಸರು ನಗು ತಡೆಯಲಾರದೆ ಬಾಯಿಗೆ ರಟ್ಟು ಒತ್ತಿಕೊಂಡರು. "ಅಂಗಿ ಜೇಬೂ ಎಡಕ್ಕೇ ಇದೆಯಲ್ಲೇ," ಎಂದಳು ದೊಡ್ಡಮ್ಮ.

ಅವತ್ತು ಅವಳೂ ನಕ್ಕಳು. ತಪ್ಪು ಮುಚ್ಚಿಹೋಯಿತಲ್ಲ ಎಂಬ ಸಮಾಧಾನವೇ ಇತ್ತು ಅವಳಿಗೆ. ಆ ಮಾತು ಪತ್ರಿಕೆಯಿಂದ ಪೆಟ್ಟಿಗೆಯ ಹಿಂಬದಿಗೆ ಬಂತು, ಅಲ್ಲಿಂದ ಹೊಸ ಕಟ್ಟಡದ ಬಾಗಿಲ ಮೇಲಿನ ಕಲ್ಲಿಗೆ ಏರಿತು. ಕಲ್ಲಿಗೆ ಏರಿದ ಮೇಲೆ ಯಜಮಾನರೇ ಅದನ್ನು ನಂಬತೊಡಗಿದರು ಎಂದು ದೊಡ್ಡಮ್ಮನ ಗುಮಾನಿ.

ಹೊಸ ಕಟ್ಟಡದಲ್ಲಿ ಕಂಪ್ಯೂಟರಿನಲ್ಲೇ ಚಿತ್ರ ಬರೆಯುವ, ಓದಿ ಬಂದ ಹುಡುಗ ಹುಡುಗಿಯರು ಸೇರಿದರು. ಅವಳಿಗೆ ಪೆಟ್ಟಿಗೆ ಕಟ್ಟುವ ಕೋಣೆಯ ಮೇಲ್ವಿಚಾರಣೆ ಸಿಕ್ಕಿತು. ಹದಿನೇಳು ವರ್ಷ ಆ ಕೋಣೆಯ ಅಂಟಿನ ವಾಸನೆ ಅವಳ ಸೆರಗಿಗೆ ಅಂಟಿಕೊಂಡು ಮನೆಗೆ ಬರುತ್ತಿತ್ತು. ಮದುವೆಯಾಗದ ಅವಳು ತಂಗಿಯ, ಎಂದರೆ ನನ್ನ ಅಮ್ಮನ ಮನೆಯಲ್ಲೇ ಇದ್ದಳು. ಹಿಂಬದಿಯ ಕೋಣೆ ಅವಳದು. ಯಜಮಾನರು ತೀರಿಕೊಂಡರು. ಅವರ ಮಕ್ಕಳು ಕಂಪನಿಯನ್ನು ಹೊರದೇಶದ ದೊಡ್ಡ ಕಂಪನಿಗೆ ಮಾರಿದರು. ಪೆಟ್ಟಿಗೆಯಲ್ಲಿ ಆಟ ಬರುವ ಕಾಲವೇ ಮುಗಿದು ದೊಡ್ಡಮ್ಮ ಮನೆಗೆ ಬಂದಳು. ಅವಳು ಮನೆ ಸೇರಿ ಆರು ವರ್ಷಕ್ಕೆ ವೈರಣ್ಣನೂ ಹೋದ. ಅಂಗಡಿಯ ಹೆಂಗಸರು ಎಂದೋ ಎಲ್ಲೆಲ್ಲೋ ಚದುರಿಹೋಗಿದ್ದರು. ಹುಳು ಬಾಲ ಮುಂದು ಮಾಡಿ ನಡೆದ ಆ ದಿನದ ಸಂಗತಿ ಹೇಳಬಲ್ಲವಳು ಅವಳೊಬ್ಬಳೇ ಉಳಿದಳು.

ಅಷ್ಟರಲ್ಲಿ ಫೋನು ಬಂತು. ಕಂಪನಿಗೆ ಮೂವತ್ತು ವರ್ಷ ತುಂಬುತ್ತಿದೆ, ಇತಿಹಾಸದ ಒಂದು ಪುಸ್ತಕ ತರುತ್ತಿದ್ದೇವೆ, ಬಾಗಿಲ ಮೇಲೆ ಹೃದಯದ ಮಾತು ಕೆತ್ತಿರುವ ಹಳೆಯ ಕಟ್ಟಡದ ಕೆಳಮಹಡಿಯನ್ನು ಪ್ರದರ್ಶನದ ಕೋಣೆ ಮಾಡುತ್ತಿದ್ದೇವೆ, ನಿಮ್ಮ ನೆನಪು ಬೇಕು ಎಂದಿತು ಒಂದು ಹೆಣ್ಣುದನಿ. ದೊಡ್ಡಮ್ಮ ಫೋನು ಇಟ್ಟವಳೇ ಮಂಚದ ಕೆಳಗಿನ ಟ್ರಂಕು ಎಳೆದಳು. ನಾಲ್ಕು ಚೌಕುಳಿ ಪುಸ್ತಕಗಳು ದಿಂಬಿನ ಹಳೆ ಗವಸಿನಲ್ಲಿ ಸುತ್ತಿಕೊಂಡು ಮಲಗಿದ್ದವು.

"ಏನಕ್ಕಾ, ಪಟ್ಟಾಭಿಷೇಕ ಮಾಡ್ತಾರಂತಾ?" ಎಂದಳು ಅಮ್ಮ.

"ಪಟ್ಟ ಬೇಡ ಕಣೆ. ಒಂದು ಸಾಲು. ಹುಳ ಬರೆದವಳು ಇವಳು ಅಂತ ಒಂದು ಸಾಲು ಹಾಕಿದ್ರೆ ಸಾಕು."

ಕಂಪನಿಯ ಕಚೇರಿಗೆ ಅವಳ ಜೊತೆ ನಾನು ಹೋದೆ. ಇತಿಹಾಸ ಬರೆಯುವ ಹುಡುಗಿಗೆ ನನ್ನದೇ ವಯಸ್ಸು. ದೊಡ್ಡ ಕನ್ನಡಕ, ಎರಡೂ ಕೈಗೆ ಶಾಯಿ. ಚೌಕುಳಿ ಪುಸ್ತಕದ ಪುಟಗಳನ್ನು ಕಾಗದದ ಚೂರಿನಿಂದ ಮೆಲ್ಲನೆ ತಿರುಗಿಸುತ್ತಾ, ದೊಡ್ಡಮ್ಮ ಹೇಳಿದ್ದನ್ನೆಲ್ಲ ಕೇಳಿದಳು. ಹುಳು ಹಿಂದಕ್ಕೆ ನಡೆದದ್ದು ಬಂದಾಗ ಜೋರಾಗಿ ನಕ್ಕಳು, ಮನೆಯನ್ನೇ ಎಡಕ್ಕೆ ಇಡಿ ಎಂದದ್ದು ಬಂದಾಗ ಕಣ್ಣಲ್ಲಿ ನೀರು ತುಂಬಿಕೊಂಡಳು.

"ಅಯ್ಯೋ ಅಮ್ಮಾ, ಇದೇ ಇತಿಹಾಸ! ಉಳಿದಿದ್ದೆಲ್ಲ ಬರೀ ಜಾಹೀರಾತು," ಎಂದು ಪುಸ್ತಕ ಎತ್ತಿಕೊಂಡು ತನ್ನ ಮೇಲಿನವರ ಬಳಿ ಓಡಿದಳು.

ಮುಕ್ಕಾಲು ಗಂಟೆ ಕಾದೆವು. ಗಾಜಿನ ಕೋಣೆ, ಆಚೆ ಯಾರ ಬಾಯಿ ಆಡುವುದೂ ಕಾಣುತ್ತದೆ, ಏನೂ ಕೇಳಿಸುವುದಿಲ್ಲ. ದೊಡ್ಡಮ್ಮ ಒಂದೆರಡು ಸಲ ಕೂದಲು ಸರಿಮಾಡಿಕೊಂಡಳು. ಹುಡುಗಿ ವಾಪಸು ಬಂದಾಗ ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ, ಒಂದು ಹಾಳೆಯಿತ್ತು.

"ಅಮ್ಮಾ, ನಿಮ್ಮ ಹೆಸರು ಖಂಡಿತ ಹಾಕ್ತೀವಿ. ಗೋಡೆ ಮೇಲೆ, ಫೋಟೋ ಸಮೇತ." ಅವಳು ನನ್ನ ಮುಖವನ್ನೂ ನೋಡಲಿಲ್ಲ, ದೊಡ್ಡಮ್ಮನದನ್ನೂ ನೋಡಲಿಲ್ಲ. "ಒಂದೇ ಒಂದು ವಿಷಯ. ಎಡಗಡೆದು... ಅದು ತಪ್ಪಿನಿಂದ ಆಯ್ತು ಅಂತ ಹೇಳೋಕೆ ಬರಲ್ಲ. ಹೃದಯದ ಮಾತು ಕಂಪನಿ ಗುರುತೇ ಆಗಿಬಿಟ್ಟಿದೆ. ನೀವು ಕ್ಯಾಮೆರಾ ಮುಂದೆ, ಯಜಮಾನರು ಆ ಮಾತು ಹೇಳಿದ್ದನ್ನ ಕಿವಿಯಾರೆ ಕೇಳಿದೆ ಅಂತ ಹೇಳಿದ್ರೆ ಸಾಕು."

"ಕೇಳಿದ್ದು ನಿಜವೇ," ಎಂದಳು ದೊಡ್ಡಮ್ಮ ನಿಧಾನವಾಗಿ. "ಆದ್ರೆ ಅವರು ಹೇಳಿದ್ದು ಆಮೇಲೆ. ಎರಡು ವರ್ಷ ಆದ್ಮೇಲೆ."

"ಅದೇ ಅಮ್ಮಾ. ಮೊದಲೇ ಅಂದಿದ್ರು ಅಂತ..."

"ದೊಡ್ಡಮ್ಮಾ, ನಡಿ ಹೋಗೋಣ," ಎಂದೆ ನಾನು.

"ನೀನು ಸುಮ್ನಿರು." ಅವಳು ಗಾಜಿನ ಆಚೆ ನೋಡುತ್ತಿದ್ದಳು. "ಹೇಳದೆ ಹೋದ್ರೆ?"

"ಹೇಳದೆ ಹೋದ್ರೆ ಆ ಭಾಗವೇ ಬಿಟ್ಟುಹೋಗುತ್ತೆ. ನಾನೂ ಕೂಲಿಯವಳೇ ಅಮ್ಮಾ," ಎಂದಳು ಹುಡುಗಿ. ಅದೊಂದನ್ನು ಮಾತ್ರ ಅವಳು ಮುಖ ನೋಡಿ ಹೇಳಿದಳು.

ದೊಡ್ಡಮ್ಮ ಹಾಳೆಗೆ ಸಹಿ ಮಾಡಿದಳು. ಪುಸ್ತಕಗಳನ್ನು ಪ್ರದರ್ಶನಕ್ಕೆ ಕೊಟ್ಟಿದ್ದೇನೆ, ಅವುಗಳಲ್ಲಿರುವುದೆಲ್ಲ ಕಂಪನಿಯದು ಎಂದಿತ್ತು ಅದರಲ್ಲಿ. ಆಮೇಲೆ ಬಿಳಿಯ ಗೋಡೆಯ ಮುಂದೆ ಕೂರಿಸಿ ದೀಪ ಹಾಕಿದರು. ಮೊದಲ ಸಲ ನಾಲಿಗೆ ತೊದಲಿತು. ಎರಡನೆಯ ಸಲ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂರನೆಯ ಸಲ ಅವಳೇ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮೊದಲ ದಿನವೇ ಯಜಮಾನರು ಅಂದ್ರು, ಮಗುವಿನ ಹೃದಯ ಎಡಕ್ಕಿದೆ, ನಮ್ಮ ಆಟ ಹೃದಯದ ಕಡೆ ನಡೀಬೇಕು ಅಂತ." ಕ್ಯಾಮೆರಾದವನು ಹೆಬ್ಬೆರಳು ಎತ್ತಿ ತೋರಿಸಿದ.

ಬಸ್ಸು ಮೂರು ನಿಲ್ದಾಣ ದಾಟಿತು. ಗವಸು ಖಾಲಿಯಾಗಿ ತೊಡೆಯ ಮೇಲಿತ್ತು. ಅದನ್ನು ನಾಲ್ಕಾಗಿ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಒಂದು ಸಾಲು ತಾನೇ," ಎಂದಳು. ನನಗೆ ಹೇಳಿದಂತಿರಲಿಲ್ಲ.

ಪ್ರದರ್ಶನದ ಕೋಣೆ ತೆರೆದ ದಿನ ದೊಡ್ಡಮ್ಮ ಬೂದುಬಣ್ಣದ ಒಳ್ಳೆಯ ಸೀರೆ ಉಟ್ಟಳು. ಅಮ್ಮ ಬರಲಿಲ್ಲ, ಸುಳ್ಳು ಹೇಳಿದ್ದು ಗೊತ್ತಾದಾಗಿನಿಂದ ಅವಳದು ಅಕ್ಕನ ಜೊತೆ ಉಪ್ಪು, ನೀರು, ಬಾಗಿಲು ಹಾಕು, ಇಷ್ಟೇ ಮಾತು. ಒಳಗೆ ಮಕ್ಕಳ ಗದ್ದಲ. ಹೊಸ ಬಣ್ಣ ಬಳಿದಿದ್ದರೂ ಗೋಡೆ ಅದೇ. ಇದು ಪೆಟ್ಟಿಗೆ ಕಟ್ಟುವ ಕೋಣೆಯಾಗಿತ್ತು. ಅಂಟಿನ ವಾಸನೆ ಮಾತ್ರ ಹೋಗಿತ್ತು.

ಗೋಡೆಯ ಮೇಲೆ ಅವಳ ಫೋಟೋ ನಿಜಕ್ಕೂ ಇತ್ತು. ಹೆಸರೂ ಇತ್ತು, ಪೂರ್ತಿಯಾಗಿ, ಸರಿಯಾಗಿ. ಕೆಳಗೆ ಒಂದು ಸಾಲು. 'ಪೆಟ್ಟಿಗೆ ವಿಭಾಗದ ಹಿರಿಯ ನೌಕರರು. ಸಂಸ್ಥಾಪಕರು ಹೃದಯದ ಮಾತು ಹೇಳಿದ ದಿನ ಎದುರಿಗಿದ್ದವರು.'

ಅವಳು ಅದನ್ನು ಓದಿದಳು. ಇನ್ನೊಂದು ಸಲ ಓದಿದಳು. ನಾನು ತೋಳು ಹಿಡಿಯಲು ಹೋದೆ, ಬಿಡಿಸಿಕೊಂಡಳು.

ಕೋಣೆಯ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಪುಸ್ತಕ. 'ಸಂಸ್ಥಾಪಕರ ಚೌಕುಳಿ ಪುಸ್ತಕಗಳು' ಎಂದು ಚೀಟಿ. ಒಂದನ್ನು ಹುಳು ಮೈ ಚಾಚಿದ ಪುಟಕ್ಕೆ ತೆರೆದಿಟ್ಟಿದ್ದರು. ಪುಟದ ಅಂಚಿನಲ್ಲಿ ದೊಡ್ಡಮ್ಮನ ಪುಟ್ಟ ಅಕ್ಷರ: 'ತಂಗಿ ಲಂಗ. ಸೊಂಟ 22, ಉದ್ದ 36.' ಯಜಮಾನರಿಗೆ ತಂಗಿಯೇ ಇರಲಿಲ್ಲ. ಜನ ಬಗ್ಗಿ ನೋಡಿ, ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು.

ಎದುರು ಗೋಡೆಯ ತುಂಬ ಹೊಸ ಆಟ ಓಡುತ್ತಿತ್ತು. ಅದೇ ಹುಳು, ಈಗ ಉಬ್ಬಿ, ಹೊಳೆಯುತ್ತಾ, ರೆಪ್ಪೆ ಬಡಿಯುತ್ತಾ. ಅದು ಬಲಕ್ಕೆ ನಡೆಯುತ್ತಿತ್ತು. ಹೊಸ ಮಾಲೀಕರ ದೇಶದ ಮಕ್ಕಳಿಗೆ ಬಲಕ್ಕೇ ರೂಢಿ, ಹಾಗಾಗಿ ತಿರುಗಿಸಿದ್ದಾರೆ ಎಂದ ಅಲ್ಲಿ ನಿಂತಿದ್ದ ನೌಕರ. ಹೃದಯದ ಮಾತು ಮಾತ್ರ ಬಾಗಿಲ ಮೇಲೆ ಹಾಗೇ ಇತ್ತು.

ಮೂಲೆಯಲ್ಲಿ ಹಳೆಯ ಟೀವಿ, ಹಳೆಯ ಆಟ, ಆಡಲು ಬಿಟ್ಟಿದ್ದರು. ಐದಾರು ವರ್ಷದ ಹುಡುಗಿಯೊಂದು ಬಲಕ್ಕೆ ಒತ್ತುತ್ತಿತ್ತು. ಹುಳು ಕದಲುತ್ತಿರಲಿಲ್ಲ.

"ಇದು ಕೆಟ್ಟೋಗಿದೆ," ಎಂದಿತು ಮಗು.

"ಕೆಟ್ಟಿಲ್ಲ ಪುಟ್ಟಿ. ಈ ಕಡೆ ಒತ್ತು ನೋಡು," ಎಂದು ದೊಡ್ಡಮ್ಮ ಪಕ್ಕದಲ್ಲಿ ಕೂತಳು. ಹುಳು ಹೊರಟಿತು. ಮೈ ಚಾಚಿತು, ಮುದುಡಿತು. ಅವಳ ಬೆರಳು ತೊಡೆಯ ಮೇಲೆ ಒಂದೊಂದೇ ಚೌಕ ಒತ್ತುತ್ತಿತ್ತು.

"ಯಾಕೆ ಈ ಕಡೆ ಹೋಗುತ್ತೆ?"

ದೊಡ್ಡಮ್ಮ ನನ್ನನ್ನು ನೋಡಿದಳು. ಆಮೇಲೆ ಮಗುವಿನ ಕಿವಿಯ ಹತ್ತಿರ ಬಗ್ಗಿದಳು. "ಯಾರಿಗೂ ಹೇಳ್ಬೇಡ. ಈ ಹುಳ ಬರೆದಿದ್ದು ನಾನು. ಆ ಕಡೆ ನೋಡೋ ಹಾಗೆ ಬರೀಬೇಕಿತ್ತು, ತಪ್ಪಿ ಈ ಕಡೆ ಬರೆದುಬಿಟ್ಟೆ. ಅದಕ್ಕೇ."

ಮಗು ಅವಳನ್ನು ನೋಡಿತು. ಅವಳ ತಲೆಯ ಮೇಲೆ, ಗೋಡೆಯ ಸಣ್ಣ ಪರದೆಯಲ್ಲಿ, ಅದೇ ಮುಖ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳುತ್ತಿತ್ತು: ಮೊದಲ ದಿನವೇ ಯಜಮಾನರು ಅಂದ್ರು... ಮುಗಿದು, ಕಪ್ಪಾಗಿ, ಮತ್ತೆ ಮೊದಲಿನಿಂದ. ಮಗು ಮೇಲೆ ನೋಡಿತು, ಕೆಳಗೆ ನೋಡಿತು.

"ಅಮ್ಮಾ! ಈ ಅಜ್ಜಿ ಸುಳ್ಳು ಹೇಳ್ತಿದಾರೆ! ಟೀವೀಲಿ ಬೇರೆ ಹೇಳಿದ್ರು!"

ತಾಯಿ ಓಡಿಬಂದು ಮಗುವಿನ ಕೈ ಎಳೆದಳು. "ಹಾಗೆಲ್ಲ ಅನ್ಬಾರ್ದು. ಬೇಜಾರ್ ಮಾಡ್ಕೋಬೇಡಿ ಅಜ್ಜಿ, ಬಾಯಿ ಜೋರು ಇವಳದು." ಗೋಡೆಯ ಫೋಟೋ ಕೆಳಗಿನ ಸಾಲು ಓದಿ ಮುಖ ಅರಳಿಸಿದಳು. "ಓ, ನೀವೇನಾ! ನೀವು ಅವರನ್ನ ಕಣ್ಣಾರೆ ನೋಡಿದೀರಾ? ಎಂಥ ಪುಣ್ಯ!"

"ಹೂಂ," ಎಂದಳು ದೊಡ್ಡಮ್ಮ. "ನೋಡಿದೀನಿ."

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತು ಚಪ್ಪಲಿ ಬಿಟ್ಟಳು.

"ನಿನ್ನ ಸೊಂಟ ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ ಕಣೆ," ಎಂದಳು.

ಅಮ್ಮ ತಿರುಗಲಿಲ್ಲ. ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಲೇ ಕೇಳಿದಳು.

"ಎಷ್ಟಿತ್ತಂತೆ?"

"ಇಪ್ಪತ್ತೆರಡು."

"ನಿನ್ನ ಹೆಸರು?"

"ಅದೂ ಇದೆ. ಬೇರೆ ಕಡೆ."

ಅಮ್ಮ ನಲ್ಲಿ ನಿಲ್ಲಿಸಿದಳು. ದೊಡ್ಡಮ್ಮ ಕೋಣೆಗೆ ಹೋಗಿ, ಮಂಚದ ಕೆಳಗಿನ ಟ್ರಂಕು ಎಳೆದು, ಮಡಚಿದ್ದ ಗವಸನ್ನು ಒಳಗಿಟ್ಟು ಮುಚ್ಚಿದಳು. ತಳ್ಳಿದಾಗ ಟ್ರಂಕು ಹಗುರಾಗಿ ಗೋಡೆಯವರೆಗೂ ಜಾರಿಹೋಯಿತು.